ಗೇಟಿನ ಸದ್ದಿಗೆ ಏಳುವ ಮಾಷ್ಟ್ರು

ಉದಯಶಂಕರ ಒಂದೇ ತರಗತಿಯಲ್ಲಿ ಮೂರು ಸಲ ಹಾಜರಿ ಕರೆದ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಕಾಲೇಜಿಗೆಲ್ಲ ಹಬ್ಬಿತ್ತು. ಮೊದಲ ಸಲ ಮಕ್ಕಳು ಮಾಮೂಲಿಯಂತೆ ಉತ್ತರಿಸಿದರು. ಎರಡನೆಯ ಸಲ, ಸರ್ ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಜೋರಾಗಿ ಉತ್ತರಿಸಿದರು. ಮತ್ತೊಮ್ಮೆ ಮೊದಲ ಹೆಸರು ಕೇಳಿಬಂದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಸರ್, ನಾವೆಲ್ಲ ಇನ್ನೂ ಇಲ್ಲೇ ಇದ್ದೇವೆ” ಎಂದಳು.

ತರಗತಿ ನಕ್ಕಿತು. ಉದಯಶಂಕರನೂ ನಕ್ಕ. ಆದರೆ ಬೋರ್ಡಿನ ಕಡೆ ತಿರುಗಿದಾಗ ಕಲಿಸಬೇಕಾದದ್ದು ಬೆಳಕೋ ವಿದ್ಯುತ್ತೋ ನೆನಪಾಗಲಿಲ್ಲ. ಮಾರ್ಕರ್ ಹಿಡಿದು ನಿಂತವನು ನಿಂತೇ ಇದ್ದ. ಕೊನೆಗೆ ಪಕ್ಕದ ಕೋಣೆಯಲ್ಲಿ ವಾಣಿಜ್ಯ ಕಲಿಸುತ್ತಿದ್ದ ಅನ್ಸಾಫ್ ಬಂದು ಅವನನ್ನು ಕೈಹಿಡಿದು ಸ್ಟಾಫ್ ರೂಮಿಗೆ ಕರೆದೊಯ್ದ.

“ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತು ಮಾರಾಯ?” ಎಂದು ಕೇಳಿದ.

“ಹಾಸ್ಟೆಲಿನ ಕೆಲಸ ಒಂದು ಮುಗಿದರೆ ಮಲಗುವುದೇ.”

“ಹಾಸ್ಟೆಲಿನದ್ದು ನಿನಗೆ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ಮೂಡುಬಿದಿರೆಯ ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ ಉದಯಶಂಕರ ಪ್ರವೇಶಾತಿ, ಪ್ರವಾಸ, ಕ್ರೀಡಾಕೂಟದ ಮೈಕು, ಹೀಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತಾನಾಗಿಯೇ ಹೊತ್ತುಕೊಂಡಿದ್ದ. ಕಳೆದ ಬೇಸಗೆಯಲ್ಲಿ ಬೆಳ್ತಂಗಡಿಯಲ್ಲಿ ಹೆಂಡತಿ ಅಶ್ವಿತಾಳ ಚಿಕ್ಕಪ್ಪನ ಮಗಳ ಮದುವೆಗೆ ಹೋದಾಗಲೂ ಹಾಗೇ. ಪಾಯಸದ ಬಕೆಟ್ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಬಡಿಸಿ, ತಾನು ಉಣ್ಣದೆ ಮನೆಗೆ ಬಂದಿದ್ದ. ಅಡುಗೆಯವರು ಅವನು ತಮ್ಮ ತಂಡದವನೇ ಎಂದುಕೊಂಡು ಮುಂದಿನ ಮದುವೆ ಎಲ್ಲಿ, ಯಾವಾಗ ಎಂದು ಹೇಳಿ ಕಳುಹಿಸಿದ್ದರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ದಣಿವು ಮಾತ್ರ ಮಿತಿಮೀರಿದೆ ಎಂದರು. ರಜೆ ಹಾಕಲು ಹೇಳಿ, ಬಿ.ಸಿ. ರೋಡಿನ ಆಪ್ತಸಮಾಲೋಚಕಿ ಶಹಲಾ ಅವರನ್ನು ಕಾಣಲು ಚೀಟಿ ಬರೆದುಕೊಟ್ಟರು.

ರಜೆಯ ಮೊದಲ ದಿನವೇ ಉದಯಶಂಕರ ಶಿರ್ತಾಡಿಯ ಮನೆಯ ಅಡುಗೆಕೋಣೆಯನ್ನು ಬುಡಮೇಲು ಮಾಡಿದ. ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಬಂದ ಅಶ್ವಿತಾ ಒಗ್ಗರಣೆಗೆ ಬಾಣಲೆ ಇಟ್ಟು ಡಬ್ಬಿ ಹುಡುಕತೊಡಗಿದಳು.

“ಸಾಸಿವೆ ಎಲ್ಲಿ?”

“ಅಕಾರಾದಿಯಲ್ಲಿ ಜೋಡಿಸಿದ್ದೇನೆ. ‘ಸ’ ಕೊನೆಗೆ ಬರ್ತದೆ, ಮೇಲಿನ ಹಲಗೆ ನೋಡು.”

“ಎಣ್ಣೆ ಹೊತ್ತಿಕೊಳ್ಳುವ ಮೊದಲು ನೀವೇ ತೆಗೆದುಕೊಡಿ. ನಾಳೆ ಬಿ.ಸಿ. ರೋಡಿಗೆ ಹೋಗುವ. ನಾನೂ ಬರ್ತೇನೆ.”

ಶಹಲಾ ಅವನಿಗಿಂತ ಕಿರಿಯಳು. ಮಾತು ನಿಧಾನ. ಅವನು ತನ್ನ ಕೆಲಸಗಳನ್ನೆಲ್ಲ ಒಂದೊಂದಾಗಿ ವಿವರಿಸುವುದನ್ನು ಪೂರ್ತಿ ಕೇಳಿ, “ಇಷ್ಟು ಕೆಲಸದ ಬಗ್ಗೆ ಹೇಳಿದಿರಿ. ಅದನ್ನು ಎತ್ತಿಕೊಳ್ಳುವ ಮುಂಚಿನ ಗಳಿಗೆಯಲ್ಲಿ ಏನಾಗ್ತದೆ?” ಎಂದು ಕೇಳಿದಳು.

“ಏನೂ ಆಗುವುದಿಲ್ಲ. ಎತ್ತಿಕೊಳ್ತೇನೆ.”

“ಏನೋ ಒಂದು ಆಗಿಯೇ ಆಗ್ತದೆ ಸರ್. ಒಂದು ವಾರ ಅದನ್ನು ಗಮನಿಸಿ. ಬೇರೇನೂ ಮಾಡಬೇಡಿ.”

ಬೇರೇನೂ ಮಾಡದಿರುವುದೇ ಕಷ್ಟವಾಯಿತು. ಆದರೂ ಒಂದು ಸಂಜೆ ಹಟ ಹಿಡಿದು ಚಾವಡಿಯ ಕುರ್ಚಿಯಲ್ಲಿ ಸುಮ್ಮನೆ ಕುಳಿತ. ಎದುರಿನ ನೇರಳೆ ಮರದಲ್ಲಿ ಹಕ್ಕಿಗಳ ಗಲಾಟೆ. ಕಣ್ಣು ತೂಗಿ ಬರುತ್ತಿತ್ತು. ಅಷ್ಟರಲ್ಲಿ ಅಶ್ವಿತಾ ಸ್ಕೂಟರ್ ನಿಲ್ಲಿಸಿ ಗೇಟು ತಳ್ಳಿದಳು. ಗೇಟು ಕಿರ್ರೆಂದಿತು. ಅವಳು ಮೆಟ್ಟಿಲು ಹತ್ತುವಾಗ ಉದಯಶಂಕರ ಪೊರಕೆ ಹಿಡಿದು ಚಾವಡಿ ಗುಡಿಸುತ್ತಿದ್ದ.

“ಈಗಷ್ಟೇ ಕುಳಿತಿದ್ರಲ್ಲ? ನಾನು ರಸ್ತೆಯಿಂದ ನೋಡಿದೆ” ಎಂದಳು ಅಶ್ವಿತಾ.

ಅವನು ಕೈಯಲ್ಲಿದ್ದ ಪೊರಕೆಯನ್ನು ನೋಡಿದ. ಎದ್ದದ್ದು ಯಾವಾಗ, ಪೊರಕೆ ತೆಗೆದುಕೊಂಡದ್ದು ಯಾವಾಗ, ಅವನಿಗೇ ಗೊತ್ತಿರಲಿಲ್ಲ. ಎದೆ ಮಾತ್ರ ಡವಡವ ಎನ್ನುತ್ತಿತ್ತು. ಆ ಡವಡವ ಹಳೆಯ ಪರಿಚಯದ್ದು. ಶಾಲೆಯ ಹೆಡ್‌ಮಾಷ್ಟ್ರಾಗಿದ್ದ ಅಪ್ಪ ಸಂಜೆ ಗೇಟು ತೆರೆದು ಒಳಗೆ ಬರುವಾಗ ಮನೆಯಲ್ಲಿ ಯಾರೂ ಸುಮ್ಮನೆ ಕುಳಿತಿರುವಂತಿರಲಿಲ್ಲ. ಹೊಡೆದವರಲ್ಲ, ಬೈದವರೂ ಅಲ್ಲ. “ಕೆಲಸ ಏನೂ ಇಲ್ಲವಾ?” ಎಂದಷ್ಟೇ ಕೇಳುತ್ತಿದ್ದರು. ಆ ಪ್ರಶ್ನೆ ಬರುವ ಮೊದಲೇ ಉದಯಶಂಕರ ಪುಸ್ತಕವನ್ನೋ ಕೊಡಪಾನವನ್ನೋ ಹಿಡಿದುಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡು ವರ್ಷಗಳೇ ಕಳೆದಿದ್ದವು.

“ನಾನು ಅಪ್ಪನಿಗೆ ಹೆದರಿ ಗುಡಿಸ್ತಾ ಇದ್ದೇನೆ ಮಾರಾಯ್ತಿ,” ಎಂದ. ಹೇಳಿದ ಮೇಲೆ ಅವನಿಗೇ ನಗು ಬಂತು. ಅಶ್ವಿತಾಳೂ ನಕ್ಕು, ಪೊರಕೆ ಕಿತ್ತುಕೊಂಡು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು.

ಮುಂದಿನ ಭೇಟಿಯಲ್ಲಿ ಶಹಲಾಳಿಗೆ ಇದನ್ನೆಲ್ಲ ಹೇಳಿ, “ಗೇಟಿಗೆ ಎಣ್ಣೆ ಬಿಟ್ಟಿದ್ದೇನೆ” ಎಂದು ಹೆಮ್ಮೆಯಿಂದ ಸೇರಿಸಿದ.

“ಕಾಲೇಜಿನಲ್ಲಿ ಯಾವುದಕ್ಕೆ ಎಣ್ಣೆ ಬಿಡ್ತೀರಿ?”

ಅವನು ಯೋಚಿಸಿದ. ಪ್ರಾಂಶುಪಾಲರು “ನೀವಿಲ್ಲದಿದ್ರೆ ಆಗುವುದಿಲ್ಲ” ಎಂದಾಗ ಇದೇ ಡವಡವ. ಬೇರೆಯವರು ಓಡಾಡುತ್ತಿರುವಾಗ ತನ್ನ ಕೈ ಖಾಲಿ ಇದ್ದರೂ ಇದೇ. ಮದುವೆಯ ಪಾಯಸದ ಬಕೆಟ್ಟೂ ಈಗ ಅರ್ಥವಾಯಿತು. ಅದನ್ನೆಲ್ಲ ಅವಳಿಗೆ ಹೇಳಿದ.

“ಅದು ಬರುವುದನ್ನು ತಡೆಯಲು ಆಗುವುದಿಲ್ಲ ಸರ್. ಬಂದಾಗ ಗುರುತಿಸಿ. ಎದೆ ಹೊಡೆದುಕೊಳ್ಳುವಾಗ ಯಾವ ಕೆಲಸಕ್ಕೂ ಒಪ್ಪಬೇಡಿ. ಅದು ಇಳಿದ ಮೇಲೆ ಹೂಂ ಅನ್ನಿ, ಊಹೂಂ ಅನ್ನಿ, ನಿಮ್ಮಿಷ್ಟ.”

ಅಭ್ಯಾಸ ಮನೆಯಲ್ಲೇ ಶುರುವಾಯಿತು. ಉದಯಶಂಕರ ಚಹಾ ಹಿಡಿದು ಕುಳಿತುಕೊಳ್ಳುವುದು, ಅಶ್ವಿತಾ ಗೇಟನ್ನು ಧಡಾರನೆ ಹಾಕಿ ತೆಗೆಯುವುದು. ಮೊದಮೊದಲು ಚಹಾ ಪಂಚೆಗೆ ಚೆಲ್ಲಿತು. ಆಮೇಲೆ ತಟ್ಟೆಗೆ ಮಾತ್ರ. ಪಕ್ಕದ ಮನೆಯ ಧರ್ಣಪ್ಪ ಬೇಲಿಯಾಚೆಯಿಂದ ಇಣುಕಿ, “ಎಂತ, ಗೇಟು ಕೆಟ್ಟಿತಾ?” ಎಂದು ಕೇಳಿದರು.

“ಗೇಟು ಸರಿ ಉಂಟು, ಇವರನ್ನು ರಿಪೇರಿ ಮಾಡ್ತಾ ಇದ್ದೇನೆ” ಎಂದಳು ಅಶ್ವಿತಾ.

ರಜೆ ಮುಗಿಸಿ ಕಾಲೇಜಿಗೆ ಹೋದ ವಾರವೇ ಪ್ರಾಂಶುಪಾಲರ ಫೋನು ಬಂತು. “ವಾರ್ಷಿಕೋತ್ಸವದ ವೇದಿಕೆ ಈ ಸಲವೂ ನಿಮ್ಮದೇ. ನೀವಿಲ್ಲದಿದ್ರೆ ಆಗುವುದಿಲ್ಲ.”

ಎದೆ ಹೊಡೆದುಕೊಂಡಿತು. ‘ಆಯ್ತು ಸರ್’ ನಾಲಗೆಯ ತುದಿಗೆ ಬಂದಿತ್ತು.

“ನಾಳೆ ಹೇಳ್ತೇನೆ ಸರ್” ಎಂದ ಉದಯಶಂಕರ.

ಮರುದಿನ ಅವನು ತಾನು ವಿಜ್ಞಾನ ಪ್ರದರ್ಶನವನ್ನು ಮಾತ್ರ ನೋಡಿಕೊಳ್ಳುವುದಾಗಿಯೂ ವೇದಿಕೆ ತನ್ನಿಂದಾಗದೆಂದೂ ತಿಳಿಸಿದ. ಪ್ರಾಂಶುಪಾಲರು, “ಹಾಗಾದ್ರೆ ಅನ್ಸಾಫರಿಗೆ ಹೇಳುವ” ಎಂದುಬಿಟ್ಟರು. ಅಷ್ಟೇ! ಇಷ್ಟು ಸುಲಭವೇ ಎಂದು ಉದಯಶಂಕರನಿಗೆ ತುಸು ಚುಚ್ಚಿತು. ಸ್ಟಾಫ್ ರೂಮಿನವರೆಗೆ ನಡೆಯುವಷ್ಟರಲ್ಲಿ ಆ ಚುಚ್ಚು ಹೋಗಿ ಹೆಗಲು ಹಗುರಾಯಿತು.

ವಾರ್ಷಿಕೋತ್ಸವದ ಸಂಜೆ ಅವನು ಅಶ್ವಿತಾಳ ಜೊತೆ ಹಿಂದಿನ ಸಾಲಿನಲ್ಲಿ ಕುಳಿತ. ಕಾಲೇಜಿನ ಕಾರ್ಯಕ್ರಮವೊಂದನ್ನು ಅವನು ಕುಳಿತು ನೋಡುತ್ತಿದ್ದುದು ಅದೇ ಮೊದಲು. ನಡುವೆ ಬಿಸಿ ಗೋಳಿಬಜೆಯ ಪೊಟ್ಟಣ, ಜೊತೆಗೆ ಚಟ್ನಿ. ವೇದಿಕೆಯಲ್ಲಿ ಬ್ಯಾನರಿನ ಒಂದು ಮೂಲೆ ಜೋತುಬಿದ್ದಿತ್ತು. ಅನ್ಸಾಫ್ ಕರವಸ್ತ್ರದಿಂದ ಮುಖ ಒರೆಸುತ್ತ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡಾಡುತ್ತಿದ್ದ. ಉದಯಶಂಕರನ ಕಾಲು ಎರಡು ಸಲ ನೆಲ ಒತ್ತಿತು, ಎರಡು ಸಲವೂ ಸುಮ್ಮನಾಯಿತು.

ಪಕ್ಕದ ಖಾಲಿ ಕುರ್ಚಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಬಂದು ಕುಳಿತರು. ಫರಂಗಿಪೇಟೆಯ ಯಾಕೂಬ್, ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು ಎಂದು ಪರಿಚಯ ಹೇಳಿಕೊಂಡರು. ಉದಯಶಂಕರ ಪೊಟ್ಟಣ ಮುಂದೆ ಹಿಡಿದ. ಅವರು ಸಂಕೋಚವಿಲ್ಲದೆ ಒಂದು ತೆಗೆದುಕೊಂಡು, ಕೆಂಪು ಸಮುದ್ರದಲ್ಲಿ ಎಂಜಿನ್ ಕೆಟ್ಟು ನಿಂತ ಕಥೆ ಶುರು ಮಾಡಿದರು. ಕಥೆ ಚೆನ್ನಾಗಿತ್ತು. ಅಶ್ವಿತಾಳೂ ಬಾಗಿ ಕೇಳತೊಡಗಿದಳು.

ಕಥೆಯ ನಡುವೆ ಯಾಕೂಬ್ ವೇದಿಕೆಯತ್ತ ಗದ್ದ ತೋರಿಸಿ, “ಪಾಪ, ಆ ಮಾಷ್ಟ್ರು ತುಂಬ ಹೊತ್ತಿನಿಂದ ಯಾರನ್ನೋ ಹುಡುಕ್ತಾ ಇದ್ದಾರೆ” ಎಂದರು.

“ಮುಖ್ಯ ಅತಿಥಿಯನ್ನು ಇರಬೇಕು. ಕಾರು ಕಳುಹಿಸಿದ್ರಂತೆ, ಖಾಲಿ ಬಂತಂತೆ” ಎಂದ ಉದಯಶಂಕರ.

“ಹೌದು, ನಾನು ಬಸ್ಸಿನಲ್ಲೇ ಬಂದುಬಿಟ್ಟೆ. ಗೋಳಿಬಜೆ ಬಿಸಿ ಉಂಟು, ಇದೊಂದು ಮುಗಿಸಿ ಹೋಗ್ತೇನೆ. ಎಂಜಿನ್ ಕಥೆಯೂ ಮುಗಿಯಬೇಕಲ್ಲ.”

ಅಶ್ವಿತಾ ಗಂಡನ ಮುಖ ನೋಡಿದಳು. ಉದಯಶಂಕರ ಜೇಬಿನಿಂದ ಫೋನು ತೆಗೆದು ಅನ್ಸಾಫನಿಗೆ ಒಂದು ಸಾಲು ಬರೆದ: ‘ಅತಿಥಿ ಕೊನೆಯ ಸಾಲಿನಲ್ಲಿ ಇದ್ದಾರೆ, ಹೆದರಬೇಡ.’ ಫೋನು ಒಳಗಿಟ್ಟು, ಕುರ್ಚಿಗೆ ಚೆನ್ನಾಗಿ ಒರಗಿ, ಚಟ್ನಿಯನ್ನು ಯಾಕೂಬರ ಕಡೆ ಸರಿಸಿದ.

“ಆಮೇಲೆ ಎಂಜಿನ್ ಏನಾಯ್ತು ಹೇಳಿ” ಎಂದ.