ಸಾಲು ತಪ್ಪಿಸಿ ಸಿಕ್ಕ ಟೇಬಲ್

ಕ್ರಿಸ್‌ಮಸ್ ವಾರದಲ್ಲಿ ಹಾಲ್‌ಬ್ರಾಕ್ಸ್ ಅಂಗಡಿಯ ಎಂಟನೇ ಮಹಡಿಯ ರೆಸ್ಟೋರೆಂಟಿನಲ್ಲಿ ಸಾಲು ನಿಲ್ಲದೆ ಟೇಬಲ್ ಗಿಟ್ಟಿಸಿದವನು ಇಡೀ ಕ್ಲೀವ್‌ಲ್ಯಾಂಡಿನಲ್ಲಿ ಆಂಟನ್ ಬೆಲ್ಚಿಕ್ ಒಬ್ಬನೇ ಇರಬೇಕು. ಮೇಯರ್ ಹೆಂಡತಿಯೇ ಬಂದರೂ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕಾದ ಜಾಗ ಅದು. ಆದರೆ ಅಲ್ಲಿ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಮಿಸೆಸ್ ಡನ್‌ಲಪ್ ದಿನವೂ ಹತ್ತುವುದು ಆಂಟನ್‌ನ ಡಿಪೋದ ಬಸ್ಸನ್ನು. ಡಿಪೋ ಮೇಲ್ವಿಚಾರಕನಾದ ಅವನೇ ಬಾಯಿಬಿಟ್ಟು ಕೇಳಿದಾಗ ಆಕೆಗೆ ಇಲ್ಲ ಅನ್ನಲಾಗಲಿಲ್ಲ.

ಆಂಟನ್ ಹೀಗೆ ಯಾರ ಹತ್ತಿರವೂ ಕೈಚಾಚಿದವನಲ್ಲ. ಈ ಸಲ ಚಾಚಿದ. ಯಾಕೆಂದರೆ ಆ ಊಟದ ಹೊತ್ತಿಗೆ ಮಗಳು ಒಂದು ಮಾತು ಹೇಳುವವಳಿದ್ದಳು.

ಹೆಂಡತಿ ಇರೀನ್ ಮಾರ್ಚ್‌ನಲ್ಲಿ ತೀರಿಕೊಂಡಿದ್ದಳು. ಅವಳ ಅಕ್ಕ ವಿಲ್ಮಾ ಟೊಲೀಡೋದಿಂದ ಬಂದು, "ಕ್ಲಾರಿಸ್‌ನ ನನ್ನ ಹತ್ರ ಬಿಡು ಆಂಟನ್. ಬೆಳಗಾಗೋ ಮುಂಚೆ ನೀನು ಡ್ಯೂಟಿಗೆ ಓಡ್ತೀಯ, ಮಗೂಗೆ ಹಾಲು ಕಾಯಿಸೋರು ಯಾರು?" ಎಂದಿದ್ದಳು. ಹೆಂಗಸು ಕೆಟ್ಟವಳೇನಲ್ಲ. ಅವಳ ಮನೆಯಲ್ಲಿ ಹುಡುಗಿಗೊಂದು ಕೋಣೆಯಿತ್ತು, ಪಕ್ಕದಲ್ಲೇ ಶಾಲೆಯಿತ್ತು. ಆಂಟನ್‌ಗೆ ಮಗಳ ಜಡೆ ಹಾಕಲೂ ಬರುತ್ತಿರಲಿಲ್ಲ. ಅವನು ಹಾಕಿದ್ದು ಶಾಲೆ ಮುಟ್ಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಕೊನೆಗೆ ಮಗುವನ್ನೇ ಕೇಳೋಣ ಎಂದು ಇಬ್ಬರೂ ಒಪ್ಪಿಕೊಂಡರು. ಏಳು ವರ್ಷದ ಕ್ಲಾರಿಸ್ ಸ್ವಲ್ಪ ಯೋಚಿಸಿ, "ಹಾಲ್‌ಬ್ರಾಕ್ಸ್ ಕ್ರಿಸ್‌ಮಸ್ ಊಟಕ್ಕೆ ಹೋಗ್ತೀವಲ್ಲ, ಆಗ ಹೇಳ್ತೀನಿ" ಎಂದಿದ್ದಳು. ಅಂದಿನಿಂದ ಆಂಟನ್‌ಗೆ ಅನ್ನ ನೀರು ರುಚಿಸಿರಲಿಲ್ಲ. ಆ ಊಟವೊಂದು ಸೊಗಸಾಗಿ ಆಗಿಬಿಟ್ಟರೆ ಮಗಳು ತನ್ನ ಹತ್ತಿರವೇ ಉಳಿದಾಳು ಎಂಬ ಆಸೆ.

ಸಾಲು ಎಂಟನೇ ಮಹಡಿಯ ಬಾಗಿಲಿಂದ ಶುರುವಾಗಿ ಮೆಟ್ಟಿಲಿಳಿದು ಏಳನೇ ಮಹಡಿಯಲ್ಲಿ ಮಾರಾಟಕ್ಕಿಟ್ಟ ಸೋಫಾಗಳ ನಡುವೆ ಹಾವಿನಂತೆ ಹರಿದಿತ್ತು. ಅವರನ್ನೆಲ್ಲ ದಾಟಿಕೊಂಡು ಆಂಟನ್ ಮಗಳ ಕೈಹಿಡಿದು ಮದುವೆಗಂಡಿನ ಗತ್ತಿನಲ್ಲಿ ನಡೆದ. ಹಿಂದೆ ವಿಲ್ಮಾ.

"ಏನ್ ಸಾರ್, ಅಂಗಡಿ ನಿಮ್ಮ ಮಾವಂದಾ?" ಎಂದು ಸಾಲಿನಲ್ಲಿದ್ದವನೊಬ್ಬ ಕುಟುಕಿದ.

ಸಿಕ್ಕಿದ್ದಾದರೂ ಎಂಥ ಟೇಬಲ್! ಸೂರು ಮುಟ್ಟುವ ಕ್ರಿಸ್‌ಮಸ್ ಮರದ ಬುಡದಲ್ಲೇ. ಪಿಯಾನೋದ ಹತ್ತಿರ. ಕೂತು ಉಸಿರು ಬಿಡುವಷ್ಟರಲ್ಲಿ ಪರಿಚಾರಿಕೆ ಮಕ್ಕಳ ಊಟ ತಂದಿಟ್ಟಳು. ಅಂಗೈಯಗಲದ ತಗಡಿನ ಒಲೆ, ಅದರ ಪುಟ್ಟ ಬಾಗಿಲು ತೆಗೆದರೆ ಒಳಗೆ ಬಿಸಿ ಕೋಳಿ ಪೈ. ಊರಿನ ಮಕ್ಕಳೆಲ್ಲ ವರ್ಷವಿಡೀ ಕನವರಿಸುವ ಒಲೆ ಅದು.

ಕ್ಲಾರಿಸ್ ಅದರ ಬಾಗಿಲು ತೆಗೆಯಲಿಲ್ಲ. ಕೋಟೂ ಬಿಚ್ಚಲಿಲ್ಲ.

"ತಿನ್ನು ಪುಟ್ಟಿ, ಆರೋಗುತ್ತೆ" ಎಂದಳು ವಿಲ್ಮಾ.

"ಊಟ ಆಗಲೇ ಬಂದ್ಬಿಡ್ತಾ?" ಹುಡುಗಿ ಬಾಗಿಲ ಕಡೆ ತಿರುಗಿ ನೋಡಿದಳು.

"ಹೂಂ ಮತ್ತೆ! ಒಂದು ನಿಮಿಷಾನೂ ಕಾಯಿಸ್ಲಿಲ್ಲ ನೋಡು ನಿಮ್ಮಪ್ಪ" ಎಂದು ಆಂಟನ್ ಎದೆಯುಬ್ಬಿಸಿದ.

ಕ್ಲಾರಿಸ್ ತುಟಿ ಕಚ್ಚಿಕೊಂಡು ಒಲೆಯನ್ನೇ ದಿಟ್ಟಿಸಿದಳು. "ನಾವು ಸಾಲಲ್ಲಿ ನಿಲ್ಲಲೇ ಇಲ್ಲ. ಅಮ್ಮ ಇದ್ದಿದ್ದೆಲ್ಲ ಸಾಲಲ್ಲೇ."

ಆಂಟನ್‌ನ ಮಟ್ಟಿಗೆ ಇದು ಹೊಸ ಸುದ್ದಿ. ಕ್ರಿಸ್‌ಮಸ್ ವಾರವೆಂದರೆ ಡಿಪೋದಲ್ಲಿ ಡಬಲ್ ಡ್ಯೂಟಿ. ಹಾಗಾಗಿ ಈ ಊಟಕ್ಕೆ ತಾಯಿ ಮಗಳ ಜೊತೆ ಅವನು ಒಮ್ಮೆಯೂ ಬಂದವನಲ್ಲ. ಸಂಜೆ ಇರೀನ್ ಏನೇನು ತಿಂದೆವೆಂದು ವರದಿ ಒಪ್ಪಿಸುತ್ತಿದ್ದಳು. ಕಾಲು ನೋಯುತ್ತಿದೆ ಎಂದು ನಗುತ್ತಿದ್ದಳು. ಸಾಲೆನ್ನುವುದು ಊಟಕ್ಕಾಗಿ ಸಹಿಸಬೇಕಾದ ಪೀಡೆ ಎಂದೇ ಅವನು ತಿಳಿದಿದ್ದ. ಬಸ್ಸಿಗೆ ಯಾರೂ ಕಾಯಬಾರದೆಂದು ಜೀವ ತೇದವನ ತಲೆಗೆ ಬೇರೆ ಇನ್ನೇನು ಹೊಳೆದೀತು?

"ಸಾಲಲ್ಲಿ ಏನ್ ಮಾಡ್ತಿದ್ರಿ ನೀವಿಬ್ರೂ?" ಎಂದು ಮೆಲ್ಲಗೆ ಕೇಳಿದ.

"ಪೆಪ್ಪರ್‌ಮಿಂಟ್ ಕಡ್ಡಿ ತಿಂತಿದ್ವಿ. ಊಟಕ್ಕೆ ಮುಂಚೆ ಸಿಹಿ ತಿನ್ನಬಾರದು, ಆದ್ರೆ ಆ ಸಾಲಲ್ಲಿ ತಿನ್ನಬಹುದು. ಆಮೇಲೆ ಮುಂದೆ ನಿಂತಿರೋರ ಟೋಪಿ ನೋಡ್ಕೊಂಡು ಅವರ ಕಥೆ ಕಟ್ತಿದ್ವಿ. ಅಮ್ಮ ಗುಟ್ಟಾಗಿ ಕಿವೀಲಿ ಹೇಳ್ತಿದ್ಲು." ಈಗ ಅವಳ ಕಣ್ಣು ತುಂಬಿ ಬಂತು.

ಆಂಟನ್ ಎದ್ದು ನಿಂತ. "ನಡೀರಿ. ಸಾಲಿಗೆ ಹೋಗೋಣ."

"ನಿಂಗೇನು ತಲೆ ಕೆಟ್ಟಿದ್ಯಾ?" ವಿಲ್ಮಾ ಚಮಚ ಕೆಳಗಿಟ್ಟಳು. "ಜನ ಈ ಟೇಬಲ್‌ಗೆ ಪ್ರಾಣ ಬಿಡ್ತಿದಾರೆ!"

"ಬಿಡೋರೇ ಬಂದು ಕೂತ್ಕೊಳ್ಲಿ."

ಮಿಸೆಸ್ ಡನ್‌ಲಪ್ ಅವನನ್ನು ದುರುಗುಟ್ಟಿ ನೋಡಿದಳು. "ನಿಮಗೋಸ್ಕರ ನಾನು ಎಷ್ಟು ಜನರ ಹತ್ರ ಬೈಸ್ಕೊಂಡೆ ಗೊತ್ತಾ ಮಿಸ್ಟರ್ ಬೆಲ್ಚಿಕ್?"

"ತಪ್ಪಾಯ್ತು ಮೇಡಂ. ಕಾಲಿಗೆ ಬೇಕಾದ್ರೂ ಬೀಳ್ತೀನಿ. ಆ ಒಲೇನ ಯಾವ ಮಗೂಗಾದ್ರೂ ಕೊಡಿ, ದುಡ್ಡು ನಂದು."

ಸಾಲಿನ ತಲೆಯಲ್ಲಿದ್ದ ದಂಪತಿ ಆ ಟೇಬಲ್ಲಿಗೆ ಹೋಗುವಾಗ, ಇದರಲ್ಲೇನಾದರೂ ಮೋಸವಿದೆಯೇ ಎಂದು ತಿರುತಿರುಗಿ ನೋಡುತ್ತ ಹೋದರು. ಇವರು ಮೂವರು ಎಲ್ಲರ ಕಣ್ಣೆದುರೇ ಮೆಟ್ಟಿಲಿಳಿದು ಬಾಲಕ್ಕೆ ಬಂದರು. ಆಗ ಕುಟುಕಿದವನು ಈಗ ಚಪ್ಪಾಳೆ ತಟ್ಟಿದ. "ಏನ್ ಸಾರ್, ಮಾವ ಓಡಿಸಿಬಿಟ್ರಾ?" ಆಂಟನ್‌ಗೆ ಕಿವಿಯೆಲ್ಲ ಕೆಂಪಾಯಿತು. ಆದರೂ ಪೆಪ್ಪರ್‌ಮಿಂಟ್ ಕಡ್ಡಿ ಕೊಂಡು ತಂದು ಅವನಿಗೂ ಒಂದು ಕೊಟ್ಟ.

ಕಾಯುವುದು ಅವನಿಗೆ ನಿಜಕ್ಕೂ ಬರುತ್ತಿರಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ, ಗಡಿಯಾರ ನೋಡಿದ, ಸಾಲು ಹೀಗಲ್ಲ ಹಾಗೆ ಹೋಗಬೇಕಿತ್ತು ಎಂದು ಗೊಣಗಿದ. ಆಮೇಲೆ ಮಗಳ ಎತ್ತರಕ್ಕೆ ಬಗ್ಗಿ, ಮುಂದಿದ್ದ ಹಸಿರು ಟೋಪಿಯ ಹೆಂಗಸನ್ನು ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದ. "ಆಯಮ್ಮ ಇದಾಳಲ್ಲ, ಬೆಳಿಗ್ಗೆ ತಪ್ಪು ಬಸ್ ಹತ್ತಿಬಿಟ್ಲು."

ಕ್ಲಾರಿಸ್ ಕಾದಳು. "ಆಮೇಲೆ?"

"ಆಮೇಲೆ ಇಳಿದು ಸರಿ ಬಸ್ ಹತ್ತಿದ್ಲು."

"ಇದೂ ಒಂದು ಕಥೇನಾ ಅಪ್ಪಾ?"

"ಸಾಕಲ್ವಾ? ಟೈಮಿಗೆ ಸರಿಯಾಗಿ ಬಂದ್ಲಲ್ಲ!"

ಹುಡುಗಿ ಪಕ್ಕನೆ ನಕ್ಕಳು. ಮಾರ್ಚ್‌ನಿಂದೀಚೆಗೆ ಆ ನಗು ಮನೆಯಲ್ಲಿ ಕೇಳಿರಲಿಲ್ಲ. ವಿಲ್ಮಾ ಮುಖ ತಿರುಗಿಸಿ ಸೋಫಾವೊಂದರ ಬಟ್ಟೆಯನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದಳು.

"ಹಂಗಲ್ಲ, ನಾನು ಹೇಳ್ಕೊಡ್ತೀನಿ" ಎಂದು ಕ್ಲಾರಿಸ್ ಶುರು ಹಚ್ಚಿಕೊಂಡಳು. ಹಸಿರು ಟೋಪಿಯವಳು ಬೇಹುಗಾರ್ತಿಯಾದಳು, ಅವಳ ಪಕ್ಕದ ಬೊಕ್ಕತಲೆಯವನು ಟೋಪಿ ಕಳಕೊಂಡ ರಾಜನಾದ. ನಡುನಡುವೆ, "ಅಮ್ಮ ಆಗಿದ್ರೆ ಇಲ್ಲೊಂದು ನಾಯಿ ತರ್ತಿದ್ಲು" ಎನ್ನುವಳು. ಆಂಟನ್ ಒಂದು ನಾಯಿ ತರುವನು. ಇರೀನ್ ಹೆಸರು ಇಷ್ಟು ಸಲೀಸಾಗಿ ಅಪ್ಪ ಮಗಳ ನಡುವೆ ಓಡಾಡಿದ್ದು ಅವಳು ಹೋದ ಮೇಲೆ ಅದೇ ಮೊದಲು.

ಸಾಲು ಸರಿಯಿತು. ಕಾಲು ಕಲ್ಲಾದವು. ಬಾಗಿಲು ಹತ್ತಿರವಾಯಿತು. ಒಳಗೆ ಹೋಗಿ ಕೂತ ಮೇಲೆ ಮಗಳು ಆ ಮಾತು ಹೇಳಬೇಕು. ಸಾಲು ಇನ್ನೂ ಉದ್ದವಿರಬಾರದಿತ್ತೇ ಎಂದು ಆ ಬಸ್ ಡಿಪೋದ ಮನುಷ್ಯನಿಗೆ ಜನ್ಮದಲ್ಲೇ ಮೊದಲ ಬಾರಿಗೆ ಅನಿಸಿತು.

ಮಿಸೆಸ್ ಡನ್‌ಲಪ್ ಗುರುತೇ ಇಲ್ಲದವಳಂತೆ ಬಿಗಿದ ಮುಖದಲ್ಲಿ ಕೇಳಿದಳು. "ಎಷ್ಟು ಜನ?"

ದೊಡ್ಡವರು ಬಾಯಿ ತೆರೆಯುವ ಮೊದಲೇ ಕ್ಲಾರಿಸ್ ಮುಂದೆ ಬಂದಳು. "ಇವತ್ತು ಮೂರು ಜನ. ಮುಂದಿನ ವರ್ಷ ಇಬ್ರೇ, ನಾನು ಮತ್ತೆ ಅಪ್ಪ. ದೊಡ್ಡಮ್ಮ ಅವರ ಊರಲ್ಲಿರ್ತಾರೆ."

ಆಂಟನ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ತಿಂಗಳುಗಟ್ಟಲೆ ಕಟ್ಟಿಟ್ಟ ಉಸಿರೆಲ್ಲ ಒಟ್ಟಿಗೇ ಹೊರಬಿದ್ದು, ಕಣ್ಣೀರೂ ಬಂತು. ಅಷ್ಟು ಜನರೆದುರು ಅಳುತ್ತಿದ್ದೇನೆಂಬ ನಾಚಿಕೆಯೂ ಅವನಿಗಾಗಲಿಲ್ಲ. ಮಗಳು ಉಳಿದಳು, ಅಷ್ಟೇ ಸಾಕಾಗಿತ್ತು. ವಿಲ್ಮಾಳತ್ತ ನೋಡಲು ಮಾತ್ರ ಧೈರ್ಯ ಬರಲಿಲ್ಲ.

ವಿಲ್ಮಾ ಮೂಗೊರೆಸಿಕೊಂಡಳು. ಮಿಸೆಸ್ ಡನ್‌ಲಪ್ ಕಡೆ ತಿರುಗಿ ಗದರುವ ದನಿಯಲ್ಲಿ ಹೇಳಿದಳು. "ಮುಂದಿನ ವರ್ಷಾನೂ ಮೂರೇ ಜನ ಕಣಮ್ಮ. ಟೊಲೀಡೋ ಏನು ಚಂದ್ರಲೋಕದಲ್ಲಿದ್ಯಾ? ಇವನ ಕೈಲಿ ಕಥೆ ಹೇಳಿಸಿದ್ರೆ ಮಗು ಗತಿ ಏನು!"