ಕನ್ನಡದಲ್ಲಿ ತಾನೇ ಹೇಳಿದ್ದು

ನನ್ನ ನಾಲಿಗೆ ಉದ್ದ ಅನ್ನುವುದು ಟೊರಾಂಟೋ ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಗೊತ್ತು. ನಮ್ಮತ್ತೆ ಬದುಕಿದ್ದಾಗ ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂದು ದಿನಕ್ಕೆರಡು ಸಲ ಕಿವಿಗೆ ಹಾಕುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಈಗಲೂ ಎರಿನ್ ಮಿಲ್ಸ್‌ನ ನಮ್ಮ ಮನೆಗೆ ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದೆ. ಕೆಟ್ಟದ್ದು ಬೇರೆಯವರ ಮನೆ. ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನಮ್ಮ ಯಜಮಾನರು ಡಾಕ್ಟರ್ ಯೋಗೇಶ. ಮೈಸೂರಿನಲ್ಲಿ ಓದಿ, ಕೆನಡಾಕ್ಕೆ ಬರುವ ಮುಂಚೆ ನಾಲ್ಕು ವರ್ಷ ಬೆಲ್‌ಫಾಸ್ಟಿನ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದರು. ಎಪ್ಪತ್ತರ ದಶಕ. ಐರ್ಲೆಂಡ್ ಪೂರ್ತಿ ಒಂದಾಗಬೇಕು, ಬ್ರಿಟಿಷರು ತೊಲಗಬೇಕು ಎಂದು ಒಂದು ಕಡೆಯವರು ಬಾಂಬು ಇಡುತ್ತಿದ್ದರು, ಇನ್ನೊಂದು ಕಡೆಯವರು ಅದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದರು, ನಡುವೆ ಸೈನ್ಯ ಬೇರೆ. ಯಾರೇ ಬರಲಿ, ಹೊಲಿದು ಕಳಿಸುವುದು ಇವರ ಕೆಲಸ.

ಒಂದು ಸಾಯಂಕಾಲ ಶೀಲಾ ಎಂಬ ನರ್ಸು ಹಿಂಬಾಗಿಲಿನಿಂದ ಒಬ್ಬ ತರುಣನನ್ನು ಕರೆತಂದಳು. ಶೀಲಾ ಅಪ್ಪಟ ಐರಿಷ್ ಹೆಂಗಸು. ಆ ಹೆಸರು ಅವರಲ್ಲೂ ಇದೆ. ಬೆಲ್‌ಫಾಸ್ಟಿನ ಚಳಿಯಲ್ಲಿ ನಾನು ಬಾಣಂತಿಯಾಗಿ ಬಿದ್ದಿದ್ದಾಗ ತವರಿನವರ ಹಾಗೆ ನೋಡಿಕೊಂಡವಳು ಅವಳೇ. ಆ ತರುಣನ ಎಡ ಅಂಗೈ ಸೀಳಿಹೋಗಿತ್ತು. ಬಾಂಬು ಹೊತ್ತಿಗೆ ಮುಂಚೆ ಸಿಡಿದಿತ್ತು. ರಿಜಿಸ್ಟರಿನಲ್ಲಿ ಬರೆಯಬೇಡಿ ಎಂದು ಅವನು ಅತ್ತ. ಇವರು ಬರೆಯಲಿಲ್ಲ, ಹನ್ನೊಂದು ಹೊಲಿಗೆ ಹಾಕಿದರು. ಇಂಜೆಕ್ಷನ್ನಿನ ಮಂಪರಿನಲ್ಲಿ ಅವನು ಬಡಬಡಿಸಿದ: ಇನ್ನೊಂದು ಬಾಂಬು ಬೇಕರಿಯ ಹಿಂದೆ ಇದೆ, ಏಳು ಗಂಟೆಗೆ. ಶೀಲಾ ಸದ್ದಿಲ್ಲದೆ ಹೊರಗೆ ಹೋಗಿ ಪೊಲೀಸರಿಗೆ ಫೋನು ಮಾಡಿದಳು.

ಬೇಕರಿಯ ಮುಂದೆ ಬ್ರೆಡ್ಡಿಗೆ ನಿಂತಿದ್ದವರೆಲ್ಲ ಉಳಿದರು. ಅಲ್ಲೇ ಕಾದಿದ್ದ ಅವನ ಇಬ್ಬರು ಗೆಳೆಯರು ಸಿಕ್ಕಿಬಿದ್ದರು, ಒಬ್ಬ ಜೈಲಿನಲ್ಲೇ ಸತ್ತ. ಸುಳಿವು ಕೊಟ್ಟವರು ಯಾರು ಎಂದು ಅವರ ಕಡೆಯವರು ವರ್ಷಗಟ್ಟಲೆ ಹುಡುಕಿದರು. ‘ನಮ್ಮ ಓಣಿಯಲ್ಲಿ ಕೊಂದವನಿಗೂ ಕ್ಷಮೆ ಇದೆ ರತ್ನಾ, ಸುಳಿವು ಕೊಟ್ಟವಳಿಗಿಲ್ಲ’ ಎಂದು ಶೀಲಾ ಹೇಳುತ್ತಿದ್ದಳು. ಗೊತ್ತಿದ್ದವರು ಮೂವರೇ: ಅವಳು, ಇವರು, ನಾನು.

ಹೋದ ವರ್ಷ ನಮ್ಮ ಸಂಘದವರಿಗೆ ಹಿರಿಯರ ನೆನಪುಗಳನ್ನು ವಿಡಿಯೋ ಮಾಡುವ ಹುಕಿ ಬಂತು. ಕಾರ್ಯದರ್ಶಿ ನಿಜಗುಣ, ಧಾರವಾಡದವನು, ಕ್ಯಾಮೆರಾ ಹಿಡಿದು ನಮ್ಮ ಮನೆಗೂ ಬಂದ. ಇವರು ಮೈಸೂರು, ಕಾಲೇಜು ಎಲ್ಲ ಮುಗಿಸಿ ಬೆಲ್‌ಫಾಸ್ಟಿಗೆ ಬಂದರು. ಆ ಅಂಗೈಯ ಕಥೆ, ಬೇಕರಿಯ ಕಥೆ ಹೇಳಿದರು. “ಒಬ್ಬ ನರ್ಸು, ಅಷ್ಟು ಜನರ ಜೀವ ಉಳಿಸಿದಳು. ಹೆಸರು ಬೇಡ,” ಎಂದರು.

ಚಕ್ಕುಲಿ ತಟ್ಟೆ ಹಿಡಿದು ಬಂದ ನಾನು ಬಾಯಿ ಹಾಕಿದೆ. “ಅಯ್ಯೋ, ಹೇಳೀಂದ್ರೆ! ಶೀಲಾ ಅಂತ. ಅಷ್ಟು ದೊಡ್ಡ ಕೆಲಸ ಮಾಡಿದೋಳಿಗೆ ಒಂದು ಹೆಸರೂ ಬೇಡ್ವಾ?”

“ಸುಮ್ನಿರೇ ರತ್ನಾ.”

“ಏನ್ ಸುಮ್ನಿರೋದು? ಕನ್ನಡದಲ್ಲಿ ತಾನೇ ಹೇಳ್ತಿರೋದು! ಬೆಲ್‌ಫಾಸ್ಟಲ್ಲಿ ಯಾರಿಗ್ರೀ ಕನ್ನಡ ಬರುತ್ತೆ?”

ಐವತ್ತು ವರ್ಷದಿಂದ ಹೀಗೇ ಬದುಕಿದ್ದೇವೆ ನಾವು. ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತವರ ಟೋಪಿಯ ಬಗ್ಗೆ, ಅಂಗಡಿಯಲ್ಲಿ ಕೌಂಟರಿನವಳ ಉಗುರಿನ ಬಗ್ಗೆ, ಅವರೆದುರೇ ಕನ್ನಡದಲ್ಲಿ ಆಡಿಕೊಂಡು ನಕ್ಕಿದ್ದೇವೆ. ಕನ್ನಡ ಅಂದರೆ ಒಳಗಿನಿಂದ ಚಿಲಕ ಹಾಕಿದ ಕೋಣೆ ಎಂದು ತಿಳಿದಿದ್ದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಒಳಗೆ ಹೋಗಿ ಶೀಲಾ ಕಳಿಸಿದ ಕ್ರಿಸ್‌ಮಸ್ ಕಾರ್ಡನ್ನು ಕವರಿನ ಸಮೇತ ತಂದು ಕ್ಯಾಮೆರಾಕ್ಕೆ ಹಿಡಿದೆ. “ನೋಡಪ್ಪ, ಈಗಲೂ ಅದೇ ಮನೆ, ಅದೇ ವಿಳಾಸ, ಒಂದು ವರ್ಷವೂ ತಪ್ಪಿಸಿಲ್ಲ.”

ಇವರು ಕಾರ್ಡನ್ನು ಇಸಿದುಕೊಂಡು ಮಗುಚಿ ಇಟ್ಟರು. ಇದನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕುವುದೋ ಬೇಡವೋ ಎಂದು ನಿಜಗುಣನನ್ನು ಕೇಳಿದರು.

“ಹಾಕೋಣ್ರೀ ಡಾಕ್ಟ್ರ. ಯಾರ್ ನೋಡ್ತಾರ್ರೀ ಇದನ್ನ? ನಮ್ಮ ಮಂದಿನೂ ನೋಡಂಗಿಲ್ಲ,” ಎಂದು ಅವನು ಚಕ್ಕುಲಿ ಮುರಿದ.

ನಿಜವೇ, ವರ್ಷವಿಡೀ ಮೂವತ್ತೆಂಟು ಜನ ನೋಡಿದ್ದರು. ಅದರಲ್ಲಿ ಹತ್ತು ಸಲ ನಾನೇ.

ಈ ವಸಂತದಲ್ಲಿ ಕಾರ್ಮಾಕ್ ಗ್ಯಾರಿಗನ್ ಟೊರಾಂಟೋಗೆ ಬರುತ್ತಾನೆ ಎಂದು ಪೇಪರಿನಲ್ಲಿ ಫೋಟೋ ಬಂತು. ಐರ್ಲೆಂಡಿನ ದೊಡ್ಡ ರಾಜಕಾರಣಿ, ಬೆಳ್ಳಿ ಕೂದಲು, ಶಾಂತಿಯ ಬಗ್ಗೆ ಭಾಷಣ ಮಾಡಿಕೊಂಡು ತಿರುಗುವವನು. ತಾನು ಎಂದೂ ಬಂದೂಕು ಮುಟ್ಟಿದವನಲ್ಲ, ಬಾಂಬಿನವರ ಜೊತೆ ಇದ್ದವನಲ್ಲ ಎಂದು ನಲವತ್ತು ವರ್ಷದಿಂದ ಹೇಳುತ್ತಿದ್ದಾನಂತೆ. ಫೋಟೋದಲ್ಲಿ ಎಡಗೈ ಎತ್ತಿ ಜನರತ್ತ ಬೀಸುತ್ತಿದ್ದ. ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಅಂಗೈಯ ಗಾಯದ ಕಲೆಯನ್ನೇ ನೋಡಿದರು. ತಾನು ಹೊಲಿದದ್ದು ಸರ್ಜನ್‌ಗೆ ಮರೆಯುತ್ತದೆಯೇ?

ಅವತ್ತು ಮನೆಯಲ್ಲಿದ್ದ ಮಗಳು ನೀನಾ ಅದನ್ನು ಗಮನಿಸಿದಳು. ಕೈ ಹೊಲಿದ ಕಥೆಯಷ್ಟನ್ನು, ಶೀಲಾಳ ಮಾತು ಬಿಟ್ಟು, ಅವಳಿಗೆ ಚಿಕ್ಕಂದಿನಲ್ಲೇ ನಾನು ಹೇಳಿದ್ದೆ. ಅವಳು ಟೀವಿಯಲ್ಲಿ ಇಂಟರ್‌ವ್ಯೂ ಮಾಡುವವಳು. ಎದುರಿಗೆ ಕೂತವರ ಬೆವರಿಳಿಸುತ್ತಾಳೆಂದೇ ಹೆಸರು. ಅವಳ ಮುಂದಿನ ಅತಿಥಿ ಅವನೇ.

“ಅಪ್ಪಾ, ಇಟ್ಸ್ ಹಿಮ್, ಇಸಿಂಟ್ ಇಟ್? ಆ ಹ್ಯಾಂಡ್ ಸ್ಟೋರಿ?”

“ಪೇಷಂಟ್ ವಿಷಯ ನಾನು ಮಾತಾಡಲ್ಲಮ್ಮ,” ಎಂದು ಇವರು ಎದ್ದು ಹಿತ್ತಿಲಿಗೆ ಹೋದರು. ಅವಳಿಗೆ ಅಷ್ಟೇ ಸಾಕಾಯಿತು. ನಿಮ್ಮ ಹೆಸರು ಎತ್ತಲ್ಲ, ಪ್ರಾಮಿಸ್ ಎಂದು ನನ್ನ ಕೆನ್ನೆ ಮುಟ್ಟಿ ಹೋದಳು. ವಿಡಿಯೋ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಸಂಘದ ಕಡೆ ತಲೆ ಹಾಕಿಯೂ ಮಲಗುವವಳಲ್ಲ.

ಶನಿವಾರ ಮಧ್ಯಾಹ್ನ ಎರಡಕ್ಕೆ ನೇರ ಪ್ರಸಾರ. ಒಂದೂವರೆಗೆ ನಿಜಗುಣನ ಫೋನು.

“ಅಕ್ಕಾರ, ಡಾಕ್ಟ್ರ ವಿಡಿಯೋ ಈ ವಾರ ಎರಡು ಸಾವಿರ ಮಂದಿ ನೋಡ್ಯಾರ್ರೀ! ಅದೂ ಹೊರದೇಶದಾಗಿಂದ!”

“ಹೊರದೇಶದೋರಿಗೆ ಹೇಗಪ್ಪ ಅರ್ಥ ಆಗುತ್ತೆ?”

“ಯುಗಾದಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಸೇನ್ರೀ. ಇಲ್ಲೇ ಹುಟ್ಟಿದ ನಮ್ಮ ಹುಡುಗರಿಗೆ ಕನ್ನಡ ತಿಳಿಯಂಗಿಲ್ಲಲ್ಲ, ಅದಕ್ಕ.”

ನಾನು ಆ ಕಾರ್ಡು, ಆ ಕವರು ನೆನೆದು ಫೋನು ಇಟ್ಟೆ. ಇವರಿಗೆ ಹೇಳಲಿಲ್ಲ, ಟೀವಿ ಹಾಕಿದೆ.

ನೀನಾ ಕಪ್ಪು ಕೋಟಿನಲ್ಲಿ ಕೂತಿದ್ದಳು. ಎದುರಿಗೆ ಗ್ಯಾರಿಗನ್, ಕಾಲ ಮೇಲೆ ಕಾಲು. ಇಬ್ಬರೂ ಆಡಿದ್ದು ಇಂಗ್ಲಿಷಿನಲ್ಲಿ, ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲ ಹತ್ತು ನಿಮಿಷ ಅವಳು ಅವನನ್ನು ಹಿಂಡಿದಳು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಿದಳು. ಅವನು ಎಲ್ಲದಕ್ಕೂ ‘ದುಃಖದ ಕಾಲ’ ಎಂದು ತಲೆ ಆಡಿಸಿದ. ಎಲಾ ಇವಳ, ಎಂದು ನನಗೆ ಒಳಗೊಳಗೇ ಹೆಮ್ಮೆ.

“ನಿಮ್ಮ ಎಡ ಅಂಗೈ ತೋರಿಸುತ್ತೀರಾ?” ಎಂದಳು.

ಅವನು ತಡಮಾಡದೆ ತೋರಿಸಿದ. ಕ್ಯಾಮೆರಾ ಹತ್ತಿರ ಹೋಯಿತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಿಳಿ ಗೆರೆ. ನನ್ನ ಪಕ್ಕದಲ್ಲಿ ಇವರ ತುಟಿ ಅಲುಗುತ್ತಿತ್ತು, ಹೊಲಿಗೆ ಎಣಿಸುತ್ತಿದ್ದರು.

“ಇದು ಬಾಂಬು ಸಿಡಿದು ಆದದ್ದು. ಒಬ್ಬ ಡಾಕ್ಟರು ಹಿಂಬಾಗಿಲಿನಲ್ಲಿ ಹೊಲಿದರು. ಹೌದೋ ಅಲ್ಲವೋ?”

“ಅಪ್ಪನ ಗ್ಯಾರೇಜಿನಲ್ಲಿ ಆದದ್ದು ಮಗಳೇ. ಹದಿನಾರು ವರ್ಷದವನಿದ್ದೆ.” ನಕ್ಕ. “ಆದರೆ ನಿನ್ನ ಕಥೆ ನನಗೆ ಗೊತ್ತು, ನಿನ್ನ ಬಗ್ಗೆ ವಿಚಾರಿಸಿದ ನನ್ನವರಿಗೆ ಒಂದು ವಿಡಿಯೋ ಸಿಕ್ಕಿದೆ. ಇಲ್ಲಿನ ಒಬ್ಬ ಹಿರಿಯ ಡಾಕ್ಟರು ಹೇಳಿದ್ದಾರೆ, ಯಾವುದೋ ಚಂದದ ಭಾಷೆಯಲ್ಲಿ. ನಿನ್ನ ತಂದೆಯಲ್ಲವೇ? ಅಲ್ಲಿ ನಾನಿಲ್ಲ, ನನ್ನ ಹೆಸರೂ ಇಲ್ಲ. ಒಬ್ಬ ನರ್ಸಿನ ಹೆಸರಿದೆ. ಫೋನು ಮಾಡಿದವಳು. ನಿನ್ನ ತಾಯಿ ಅವಳ ವಿಳಾಸವನ್ನೂ ತೋರಿಸಿದ್ದಾರೆ, ಪುಣ್ಯಾತ್ಗಿತ್ತಿ.”

ನೀನಾ ಮುಂದಿನ ಪ್ರಶ್ನೆಗೆ ಹಾಳೆಗಳನ್ನು ತಡಕಾಡತೊಡಗಿದಳು. ಹದಿನೆಂಟು ವರ್ಷದ ಕೆಲಸದಲ್ಲಿ ಅವಳು ಹಾಗೆ ತಡಕಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಮ್ಮೂರಿನ ಕೆಲವು ಹಳಬರು ನೋಡಿ ಕಣ್ಣೀರು ಹಾಕಿದರಂತೆ,” ಎಂದ ಅವನು ಮೆಲ್ಲಗೆ. “ಇವತ್ತು ಸಂಜೆ ಅವಳಿಗೆ ಒಂದು ಕೇಕು ಕೊಟ್ಟುಬರುತ್ತೇವೆ ಅಂದರು. ಅದೇ ಬೇಕರಿಯದು.”

ಜಾಹೀರಾತು ಬಂತು.

ಇವರು ಎದ್ದು ನಿಂತರು, ಮತ್ತೆ ಕೂತರು. ಎದೆ ನೀವಿಕೊಳ್ಳತೊಡಗಿದರು. ಹೃದಯದ ನಾಳಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡವರು.

“ರೀ, ಅಲ್ಲಿಯ ಪೊಲೀಸರಿಗೆ ಮಾಡೋಣ್ವಾ?”

“ಏನಂತ? ಕೇಕ್ ತಗೊಂಡು ಹೋದ್ರು ಅಂತಲಾ? ಅವಳ ಬಾಗಿಲಿಗೆ ಪೊಲೀಸ್ ಗಾಡಿ ಬಂದ್ರೆ ಓಣಿಗೆಲ್ಲ ಗ್ಯಾರಂಟಿ ಆಗುತ್ತೆ. ಮೊದ್ಲು ಅವಳಿಗೆ ಮಾಡು. ಮನೆ ಬಿಟ್ಟು ಹೋಗು ಅಂತ ಹೇಳು. ಬೇಗ ಮಾಡೇ!” ಐವತ್ತು ವರ್ಷದಲ್ಲಿ ಇವರು ನನ್ನ ಮೇಲೆ ಕೂಗಿದ್ದಿಲ್ಲ.

ನಂಬರು ನನಗೆ ಬಾಯಿಪಾಠ. ಅಲ್ಲಿ ಆಗ ಸಂಜೆ ಏಳೂವರೆ. ಆರು ಸಲ ಬಡಿದ ಮೇಲೆ ಎತ್ತಿದಳು.

“ಶೀಲಾ, ನಾನು ರತ್ನಾ.”

ಯಾವಾಗಲೂ ‘ರತ್ನಾ, ಮೈ ಲವ್’ ಎಂದು ಕಿರುಚುವವಳು ಇವತ್ತು ಕಿರುಚಲಿಲ್ಲ. ಅವಳ ಹಿಂದೆ ಪಿಂಗಾಣಿ ಕಪ್ಪು ಸಾಸರುಗಳ ಸದ್ದು. ಯಾರೋ ಗಂಡಸು ಕೆಮ್ಮಿದ. ಇನ್ನೊಬ್ಬ ಗಂಡಸು, ಯಾರು ಶೀಲಾ ಅದು, ಎಂದು ಬಹಳ ಸೌಜನ್ಯದಿಂದ ಕೇಳಿದ.

“ರಾಂಗ್ ನಂಬರ್,” ಎಂದು ಅವನಿಗೆ ಹೇಳಿದಳು. ಆಮೇಲೆ ನನಗೆ: “ನೀವು ಹೇಳುವ ಡಾಕ್ಟರು ಯಾರೋ ನನಗೆ ಗೊತ್ತಿಲ್ಲ. ನನಗೆ ಕೆನಡಾದಲ್ಲಿ ಯಾರೂ ಇಲ್ಲ. ಇನ್ನು ಈ ಮನೆಗೆ ಫೋನು ಮಾಡಬೇಡಿ.”

ನಾನು ಡಾಕ್ಟರು ಅಂದಿರಲೇ ಇಲ್ಲ, ಕೆನಡಾ ಅಂದಿರಲೇ ಇಲ್ಲ. ಆ ಹೊತ್ತಿನಲ್ಲೂ ಅವಳು ನಮ್ಮ ಗುರುತನ್ನು ಅಲ್ಲಗಳೆಯಲು ನೋಡಿದ್ದಳು, ಹೆದರಿಕೆಯಲ್ಲಿ ಬಾಯಿ ತಪ್ಪಿದ್ದಳು. ಲೈನು ಕಟ್ಟಾಯಿತು. ಮತ್ತೆ ಮಾಡಿದೆ. ಬರೀ ಎಂಗೇಜ್ ಸದ್ದು.

“ಏನಂದಳು?” ಇವರ ಕೈ ಇನ್ನೂ ಎದೆಯ ಮೇಲಿತ್ತು. ಮುಖ ಬೂದಿಯಾಗಿತ್ತು.

ಹುಟ್ಟಿದಾಗಿನಿಂದ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ನಾನು ಫೋನನ್ನು ಸೀರೆಯ ನೆರಿಗೆಯಲ್ಲಿ ಒತ್ತಿ ಹಿಡಿದುಕೊಂಡೆ.

“ಚೆನ್ನಾಗಿದ್ದಾಳಂತೆ,” ಎಂದೆ. “ತಂಗಿ ಮನೆಗೆ ಹೊರಟಿದ್ದಾಳಂತೆ. ಅಲ್ಲಿಗೆ ಯಾರೂ ಬಂದಿಲ್ವಂತೆ.”

“ಸದ್ಯ,” ಎಂದು ಇವರು ಕಣ್ಣು ಮುಚ್ಚಿದರು. “ಒಂದು ಲೋಟ ನೀರು ಕೊಡು.”