ಮೇಲಿಂದ ಬಂದ ಅಕ್ಕಿ

ಚಿಂತಾಮಣಿ ಸಂತೆಯಲ್ಲಿ ಅಮ್ಮಾಜಮ್ಮನಿಗೆ ಅಕ್ಕಿ ಮಾರುವುದೆಂದರೆ ವ್ಯಾಪಾರಿಗಳು ಪರೀಕ್ಷೆಗೆ ಕೂತಂತೆ. ನಾಲ್ಕು ಕಾಳು ಕಟಕ್ಕನೆ ಕಡಿಯುವಳು, ಅಂಗೈಯಲ್ಲಿ ಉಜ್ಜಿ ಊದುವಳು, ಬೆಲೆ ಕೇಳಿ ನಕ್ಕು, ಸೆರಗು ಕೊಡವಿ ಎದ್ದುಬಿಡುವಳು. ಹತ್ತು ಹೆಜ್ಜೆ ಹೋಗುವುದರೊಳಗೆ ವ್ಯಾಪಾರಿ ಹಿಂದಿನಿಂದ ಕೂಗಿ ಕರೆಯಲೇಬೇಕು. ಇಪ್ಪತ್ತು ವರ್ಷ ಕರೆದಿದ್ದರು. ಅಂಬಾಜಿದುರ್ಗದ ಕೆಳಗಿನ ಅವಳ ಊರಿನವರು ಮದುವೆ ಅಕ್ಕಿಗೂ ಅವಳನ್ನೇ ಮುಂದಿಟ್ಟುಕೊಂಡು ಹೋಗುತ್ತಿದ್ದರು.

ಅರವತ್ತೈದನೇ ಇಸವಿಯಲ್ಲಿ ಮಳೆ ಕೈಕೊಟ್ಟಿತು, ಸಂತೆಯಿಂದ ಅಕ್ಕಿ ಮಾಯವಾಯಿತು. ಸರ್ಕಾರ ರೇಷನ್ ಕಾರ್ಡು ಹಂಚಿ ಡಿಪೋ ತೆರೆಯಿತು. ಯುಗಾದಿಗೆ ಮಗಳ ಜೊತೆ ಹೊಸ ಅಳಿಯ ಬರುವವನಿದ್ದ. ಮುದ್ದೆ ಉಣ್ಣುವ ಮನೆಯಲ್ಲೂ ಅಂದು ಅನ್ನವಾಗಬೇಕು. ಅಮ್ಮಾಜಮ್ಮ ಸಾಲಿನಲ್ಲಿ ನಿಂತು, ಸರದಿ ಬಂದಾಗ ಅಭ್ಯಾಸದಂತೆ ಕಾಳು ಕಡಿದು, ಉಗಿದಳು. ಹುಳ ಹಿಡಿದ ಅಕ್ಕಿಗೆ ರೇಟು ಇಳಿಸಬೇಕೆಂದು ಡಿಪೋದ ರಾಮಾಂಜಿನಪ್ಪನಿಗೆ ಹೇಳಿದಳು.

"ರೇಟೂ ನಂದಲ್ಲ, ಹುಳಾನೂ ನಂದಲ್ಲ ಕಣಮ್ಮ," ಎಂದ ಅವನು. "ಎರಡೂ ಮೇಲಿಂದ ಬರ್ತವೆ."

ಅವಳು ಸೆರಗು ಕೊಡವಿ ಹೊರಟಳು. ಹತ್ತು ಹೆಜ್ಜೆಯಾಯಿತು. ಇಪ್ಪತ್ತಾಯಿತು. ಕಾಲಿಗೆ ಮುಳ್ಳು ಚುಚ್ಚಿದವಳಂತೆ ಸ್ವಲ್ಪ ಹೊತ್ತು ನಿಂತಳು. ರಾಮಾಂಜಿನಪ್ಪ ಕರೆದದ್ದು ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವರನ್ನು.

ಆ ಸಿಟ್ಟಿನಲ್ಲಿ ಪೇಟೆಯ ಜಯರಾಮಪ್ಪನ ಮಂಡಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಮಲ್ಲಿಗೆ ಮೊಗ್ಗಿನಂಥ ಅಕ್ಕಿ ಇತ್ತು. ಎಷ್ಟು ಬೇಕಾದರೂ ಕಡಿದು ನೋಡಿ ಎಂದು ಬೊಗಸೆ ತುಂಬಾ ಕೊಟ್ಟ. ಬೆಲೆ ಮಾತ್ರ ಡಿಪೋದ ಮೂರರಷ್ಟು. ಅವಳು ನಕ್ಕಳು, ಅವನೂ ನಕ್ಕ. ಅವಳು ಎದ್ದಳು.

"ಹೋಗ್ಬನ್ನಿ ಅಮ್ಮ," ಎಂದು ಅವನು ಕೈಮುಗಿದ. "ನಾಳೆ ಬಂದ್ರೆ ಇನ್ನೂ ಎಂಟಾಣೆ ಜಾಸ್ತಿ ಆಗಿರ್ತದೆ."

ಡಿಪೋದಲ್ಲಿ ಹುಳ ಆರಿಸಿಕೊಳ್ಳಬೇಕು, ಮಂಡಿಯಲ್ಲಿ ಅಕ್ಕಿ ಬರೀ ನೋಡಿಕೊಂಡು ಬರಬೇಕು. ಅಮ್ಮಾಜಮ್ಮ ಹುಳಕ್ಕೇ ಸೋತು ಡಿಪೋಗೆ ವಾಪಸು ಓಡಿದಳು. ಅಷ್ಟರಲ್ಲಿ ಆ ಅಕ್ಕಿಯೂ ತೀರಿ, ಯಾವುದೋ ದೇಶದಿಂದ ಹಡಗಿನಲ್ಲಿ ಬಂದ ಗೋಧಿ ಉಳಿದಿತ್ತು. ಈ ಸಲ ಕಡಿಯಲಿಲ್ಲ. ಚೀಲದ ಬಾಯಿ ತೆರೆದು ಹಿಡಿದಳು.

ಗೋಧಿಯಲ್ಲಿ ಏನು ಮಾಡಬೇಕೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಬ್ಬದ ದಿನ ಅವಳು ಅದರ ಹಿಟ್ಟನ್ನೇ ತೊಳಸಿ ಮುದ್ದೆ ಕಟ್ಟಿದಳು. ಅಳಿಯ ಚನ್ನಕೇಶವ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಗುಮಾಸ್ತ, ಮರ್ಯಾದಸ್ಥ. ಮೊದಲ ತುತ್ತು ಗಂಟಲಲ್ಲಿ ಮರದ ಬಂಕೆಯಂತೆ ಅಂಟಿತು. ಎರಡು ಚೊಂಬು ನೀರು ಕುಡಿದು, ಕಣ್ಣೊರೆಸಿಕೊಂಡು, ಊಟ ಬಹಳ ಚೆನ್ನಾಗಿದೆ ಎಂದ. ಮೂರು ದಿನ ಇರಲು ಬಂದವನು ಕಚೇರಿಯಲ್ಲಿ ಅರ್ಜೆಂಟು ಕೆಲಸವಿದೆಯೆಂದು ಹೆಂಡತಿಯನ್ನೂ ಎಬ್ಬಿಸಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ.

ಹಬ್ಬದ ದಿನ ಯಾವ ಕಚೇರಿ ತೆರೆದಿರುತ್ತದೆ ಎಂದು ಗಂಡ ಮುನಿಶಾಮಪ್ಪ ಗೊಣಗಿದ. ಅಮ್ಮಾಜಮ್ಮ ಹಿಟ್ಟಿನ ಡಬ್ಬಕ್ಕೆ ಕೈಹಾಕಿ ಅಳತೆ ನೋಡಿದಳು.

"ಹೋಗ್ಲಿ ಬಿಡು," ಎಂದಳು. "ನಮ್ಮಿಬ್ರಿಗೆ ಇನ್ನೊಂದು ವಾರ ಬರ್ತದೆ."